ಕಾವೇರಿ ವಿವಾದ: 2033ರ ಗಡುವಿಗೆ ಮುನ್ನ ಶಾಂತಿಯ ದಾರಿಗಳು

ದಕ್ಷಿಣ ಬೆಂಗಳೂರಿನ ವ್ಯಾಪಾರ ಮತ್ತು ಸಣ್ಣ ಕೈಗಾರಿಕೆಗಳ ಬದುಕು ಎರಡು ರಸ್ತೆಗಳನ್ನು ನೆಚ್ಚಿಕೊಂಡಿದೆ. ಮೊದಲನೆಯದು ಬನಶಂಕರಿಯ ಮುಂದಿನಿಂದ ತಾತಗುಣಿ, ಹಾರೋಹಳ್ಳಿ, ಕನಕಪುರಗಳ ಮೂಲಕ ಸಾಗಿ, ಅರ್ಕಾವತಿಯು ಕಾವೇರಿಯನ್ನು ಕೂಡುವ ಸಂಗಮವನ್ನು ಮುಟ್ಟುವ ಕನಕಪುರ ರಸ್ತೆ. ಕಾವೇರಿಯ ನೀರು ನಗರಕ್ಕೆ ಬರುವುದು ಈ ದಿಕ್ಕಿನಿಂದಲೇ. ಎರಡನೆಯದು ಬಿ.ಟಿ.ಎಂ. ಬಡಾವಣೆಯ ಮಗ್ಗುಲಿನಲ್ಲಿ ಹಾದು ಬೊಮ್ಮನಹಳ್ಳಿ, ಅತ್ತಿಬೆಲೆಗಳನ್ನು ದಾಟಿ ತಮಿಳುನಾಡನ್ನು ಪ್ರವೇಶಿಸುವ ಹೊಸೂರು ರಸ್ತೆ. ತಿರುಪ್ಪೂರಿನ ಹೆಣಿಗೆ ಬಟ್ಟೆ, ಈರೋಡಿನ ಜವಳಿ, ಕೊಯಮತ್ತೂರಿನ ಪಂಪು ಮತ್ತು ಮೋಟಾರು, ಶಿವಕಾಶಿಯ ಮುದ್ರಣ ಸಾಮಗ್ರಿ ಇವೆಲ್ಲ ಬರುವುದು ಮತ್ತು ಇಲ್ಲಿ ತಯಾರಾದ ಸರಕು ಹಿಂದಿರುಗುವುದು ಈ ಎರಡನೆಯ ರಸ್ತೆಯಲ್ಲಿ.

ಮೊದಲನೆಯ ರಸ್ತೆಯ ನೀರಿನ ಬಗ್ಗೆ ಎರಡು ರಾಜ್ಯಗಳ ನಡುವೆ ಜಗಳ ಹತ್ತಿದಾಗಲೆಲ್ಲ ಎರಡನೆಯ ರಸ್ತೆ ಮುಚ್ಚಿಹೋಗುತ್ತದೆ. ಅತ್ತಿಬೆಲೆಯ ಗಡಿಯಲ್ಲಿ ಬಸ್ಸುಗಳು ನಿಲ್ಲುತ್ತವೆ, ಲಾರಿಗಳು ಸಾಲುಗಟ್ಟುತ್ತವೆ, ಜಯನಗರ ನಾಲ್ಕನೇ ಬ್ಲಾಕಿನ ಅಂಗಡಿಗಳ ಬಾಗಿಲು ಇಳಿಯುತ್ತದೆ. 1991, 2002, 2012, 2016, 2023 ಈ ಎಲ್ಲ ವರ್ಷಗಳಲ್ಲಿಯೂ ವರ್ತಕರು ಇದೇ ಅನುಭವವನ್ನು ಒಂದಲ್ಲ ಒಂದು ರೂಪದಲ್ಲಿ ಪಡೆದರು. ಮುಂಗಾರು ಕೈಕೊಟ್ಟ ವರ್ಷವೆಲ್ಲವೂ ಜಗಳದ ವರ್ಷವಾಗಲೇಬೇಕೆ ಎಂಬುದು ಈಗ ವಾಣಿಜ್ಯ ಸಮುದಾಯವು ಕೇಳಿಕೊಳ್ಳಬೇಕಾದ ಪ್ರಶ್ನೆಯಾಗಿದೆ. ಸುಪ್ರೀಂ ಕೋರ್ಟು 2018ರಲ್ಲಿ ನೀಡಿದ ಹಂಚಿಕೆಯು 15 ವರ್ಷಗಳ ಕಾಲ ಬದಲಾಗದೆ ಇರತಕ್ಕದ್ದು ಎಂಬ ಆದೇಶವಿರುವುದರಿಂದ, 2033ರ ನಂತರದ ವ್ಯವಸ್ಥೆಯ ಬಗ್ಗೆ ಸಿದ್ಧತೆ ನಡೆಸಲು ಉಳಿದಿರುವ ಕಾಲ ದೀರ್ಘವಾದುದಲ್ಲ.

ವಿವಾದದ ಬೇರು

ವಿವಾದವು ಶತಮಾನಕ್ಕಿಂತ ಹಳೆಯದು. ಮೈಸೂರು ಸಂಸ್ಥಾನ ಮತ್ತು ಮದರಾಸು ಪ್ರಾಂತ್ಯಗಳ ನಡುವೆ 1892ರಲ್ಲಿ ಮೊದಲ ಒಪ್ಪಂದವಾಯಿತು. ಮೇಲ್ಭಾಗದ ಮೈಸೂರು ಹೊಸ ನೀರಾವರಿ ಕಾಮಗಾರಿಗಳನ್ನು ಕೈಗೊಳ್ಳಬೇಕಾದರೆ ಕೆಳಭಾಗದ ಮದರಾಸಿನ ಒಪ್ಪಿಗೆ ಪಡೆಯಬೇಕೆಂಬುದು ಅದರ ಸಾರಾಂಶ. ಕನ್ನಂಬಾಡಿಯಲ್ಲಿ ಕೃಷ್ಣರಾಜ ಸಾಗರದ ಕೆಲಸ 1911ರಲ್ಲಿ ಆರಂಭವಾದಾಗ ಅಣೆಕಟ್ಟಿನ ಎತ್ತರದ ಬಗ್ಗೆ ಎದ್ದ ತಕರಾರು 1924ರ ಫೆಬ್ರವರಿ 18ರ ಒಪ್ಪಂದದಲ್ಲಿ ಕೊನೆಗೊಂಡಿತು. ಅದರಂತೆ ಮೈಸೂರು ಕೃಷ್ಣರಾಜ ಸಾಗರವನ್ನೂ ಮದರಾಸು ಮೆಟ್ಟೂರು ಜಲಾಶಯವನ್ನೂ ನಿರ್ಮಿಸಿಕೊಂಡವು. ಐವತ್ತು ವರ್ಷಗಳ ನಂತರ ಪುನರ್‌ಪರಿಶೀಲನೆ ನಡೆಯತಕ್ಕದ್ದೆಂದು ಅದರಲ್ಲಿ ಹೇಳಲಾಗಿತ್ತು.

ಐವತ್ತು ವರ್ಷಗಳು 1974ರಲ್ಲಿ ಮುಗಿದವು. ಒಪ್ಪಂದದ ಅವಧಿ ತೀರಿತೆಂದು ಕರ್ನಾಟಕವೂ, ಪುನರ್‌ಪರಿಶೀಲನೆಯೆಂದರೆ ಮುಕ್ತಾಯವಲ್ಲವೆಂದು ತಮಿಳುನಾಡೂ ವಾದಿಸಿದವು. ಅದೇ 1974ರಲ್ಲಿ ಬೆಂಗಳೂರಿಗೆ ಕಾವೇರಿ ಮೊದಲನೆಯ ಹಂತದ ನೀರು ಬಂದಿತೆಂಬುದೂ ಇಲ್ಲಿ ಸ್ಮರಣೀಯ. ಹಳೆಯ ಒಪ್ಪಂದ ಕಳಚಿದ ವರ್ಷದಲ್ಲಿಯೇ ಹೊಸ ಬಳಕೆದಾರನಾದ ಮಹಾನಗರವು ನದಿಯ ಲೆಕ್ಕದಲ್ಲಿ ಸೇರಿಕೊಂಡಿತು.

ನಂತರದ ಮಾತುಕತೆಗಳು ಫಲ ನೀಡಲಿಲ್ಲ. ಸುಪ್ರೀಂ ಕೋರ್ಟಿನ ಸೂಚನೆಯಂತೆ ಕೇಂದ್ರ ಸರ್ಕಾರವು 1990ರ ಜೂನ್ 2ರಂದು ಕಾವೇರಿ ಜಲವಿವಾದ ನ್ಯಾಯಮಂಡಳಿಯನ್ನು ರಚಿಸಿತು. 1991ರ ಜೂನ್ 25ರ ಮಧ್ಯಂತರ ಆದೇಶದಲ್ಲಿ ವರ್ಷಕ್ಕೆ 205 ಟಿಎಂಸಿ ಅಡಿ ನೀರು ಮೆಟ್ಟೂರಿಗೆ ತಲುಪುವಂತೆ ಬಿಡಬೇಕೆಂದು ಮಂಡಳಿ ಹೇಳಿತು. ಇದನ್ನು ತಡೆಯಲು ಕರ್ನಾಟಕ ಹೊರಡಿಸಿದ ಸುಗ್ರೀವಾಜ್ಞೆಯು ಸಂವಿಧಾನಕ್ಕೆ ವಿರುದ್ಧವೆಂದು ಸುಪ್ರೀಂ ಕೋರ್ಟು ಅದೇ ವರ್ಷದ ನವೆಂಬರ್‌ನಲ್ಲಿ ಅಭಿಪ್ರಾಯ ನೀಡಿತು. ಡಿಸೆಂಬರ್‌ನಲ್ಲಿ ಆದೇಶವು ಗೆಜೆಟ್ಟಿನಲ್ಲಿ ಪ್ರಕಟವಾದ ಬೆನ್ನಲ್ಲೇ ಬೆಂಗಳೂರಿನಲ್ಲಿ ಗಲಭೆ ಸ್ಫೋಟಗೊಂಡು, ಹಲವರು ಪ್ರಾಣ ಕಳೆದುಕೊಂಡರು. ತಲೆಮಾರುಗಳಿಂದ ಇಲ್ಲಿ ನೆಲೆಸಿದ್ದ ತಮಿಳು ಕುಟುಂಬಗಳು ಊರು ಬಿಟ್ಟವು. ಗಡಿಯಾಚೆಯ ಜಿಲ್ಲೆಗಳಲ್ಲಿದ್ದ ಕನ್ನಡಿಗರೂ ಅದೇ ಭಯವನ್ನು ಅನುಭವಿಸಿದರು.

ತೀರ್ಪಿನ ಲೆಕ್ಕ

ನ್ಯಾಯಮಂಡಳಿಯ ಅಂತಿಮ ಐತೀರ್ಪು 2007ರ ಫೆಬ್ರವರಿ 5ರಂದು ಹೊರಬಿದ್ದು, 2013ರ ಫೆಬ್ರವರಿಯಲ್ಲಿ ಗೆಜೆಟ್ಟನ್ನು ಸೇರಿತು. ಎರಡು ವರ್ಷಗಳಲ್ಲಿ ಒಂದು ವರ್ಷವಾದರೂ ಲಭ್ಯವಾಗುವ ನೀರಿನ ಪ್ರಮಾಣವನ್ನು 740 ಟಿಎಂಸಿ ಅಡಿ ಎಂದು ಗ್ರಹಿಸಿ, ತಮಿಳುನಾಡಿಗೆ 419, ಕರ್ನಾಟಕಕ್ಕೆ 270, ಕೇರಳಕ್ಕೆ 30, ಪುದುಚೇರಿಗೆ 7 ಎಂದು ಹಂಚಲಾಯಿತು. ಪರಿಸರದ ಸಲುವಾಗಿ 10, ಸಮುದ್ರಕ್ಕೆ ಅನಿವಾರ್ಯವಾಗಿ ಹೋಗುವ ಬಾಬ್ತು 4 ಟಿಎಂಸಿ ಅಡಿ ಉಳಿಯಿತು. ಗಡಿಯ ಬಿಳಿಗುಂಡ್ಲುವಿನಲ್ಲಿ ಕರ್ನಾಟಕ ಬಿಡಬೇಕಾದ ನೀರು 192 ಟಿಎಂಸಿ ಅಡಿ ಎಂದು ನಿಗದಿಯಾಯಿತು.

2018ರ ಫೆಬ್ರವರಿ 16ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಈ ಲೆಕ್ಕವನ್ನು ತಿದ್ದಿತು. 1924ರ ಒಪ್ಪಂದವು 1974ಕ್ಕೆ ಮುಗಿದಿದೆ ಎಂಬ ನಿಲುವನ್ನು ಒಪ್ಪಿ, ಕರ್ನಾಟಕದ ಪಾಲನ್ನು 14.75 ಟಿಎಂಸಿ ಅಡಿಯಷ್ಟು ಹೆಚ್ಚಿಸಿ 284.75ಕ್ಕೆ ಏರಿಸಿತು. ತಮಿಳುನಾಡಿನ ಪಾಲು 404.25ಕ್ಕೂ, ಬಿಳಿಗುಂಡ್ಲುವಿನ ಬಿಡುಗಡೆ 177.25ಕ್ಕೂ ಇಳಿಯಿತು. ಹೆಚ್ಚಳದಲ್ಲಿ 10 ಟಿಎಂಸಿ ಅಡಿಯನ್ನು ತಮಿಳುನಾಡಿನ ಅಂತರ್ಜಲವನ್ನು ಗಮನಿಸಿ ನೀಡಲಾಯಿತು. ಉಳಿದ 4.75 ಟಿಎಂಸಿ ಅಡಿ ಬೆಂಗಳೂರಿನ ಕುಡಿಯುವ ನೀರಿಗಾಗಿ. ನಗರದ ಮೂರನೆಯ ಒಂದು ಭಾಗ ಮಾತ್ರ ಕಾವೇರಿ ಕಣಿವೆಯೊಳಗಿದೆ ಎಂಬ ಕಾರಣದಿಂದ ನ್ಯಾಯಮಂಡಳಿ ನಗರದ ಬೇಡಿಕೆಯನ್ನು ಮೊಟಕುಗೊಳಿಸಿದ್ದು ಸರಿಯಲ್ಲವೆಂದೂ, ಕುಡಿಯುವ ನೀರಿಗೆ ಆದ್ಯತೆ ಸಲ್ಲಬೇಕೆಂದೂ ನ್ಯಾಯಾಲಯ ಅಭಿಪ್ರಾಯಪಟ್ಟಿತು. ತೀರ್ಪನ್ನು ಜಾರಿಗೊಳಿಸಲು ಅದೇ ವರ್ಷದ ಜೂನ್‌ನಲ್ಲಿ ಕಾವೇರಿ ನೀರು ನಿರ್ವಹಣಾ ಪ್ರಾಧಿಕಾರವೂ ಅದರಡಿಯಲ್ಲಿ ನಿಯಂತ್ರಣ ಸಮಿತಿಯೂ ಸ್ಥಾಪನೆಗೊಂಡವು.

177.25 ಟಿಎಂಸಿ ಅಡಿಯನ್ನು ತಿಂಗಳವಾರು ವಿಂಗಡಿಸಲಾಗಿದೆ. ಜೂನ್‌ನಲ್ಲಿ 9.19, ಜುಲೈನಲ್ಲಿ 31.24, ಆಗಸ್ಟ್‌ನಲ್ಲಿ 45.95, ಸೆಪ್ಟೆಂಬರ್‌ನಲ್ಲಿ 36.76 ಹೀಗೆ ಸಾಗಿ, ಫೆಬ್ರವರಿಯಿಂದ ಮೇ ತಿಂಗಳವರೆಗೆ ತಿಂಗಳಿಗೆ 2.5 ಟಿಎಂಸಿ ಅಡಿಗೆ ನಿಲ್ಲುತ್ತದೆ. ಮೊದಲ ನಾಲ್ಕು ತಿಂಗಳಲ್ಲಿಯೇ 123 ಟಿಎಂಸಿ ಅಡಿಗೂ ಮಿಕ್ಕ ಬಾಕಿ ಬೀಳುವುದರಿಂದ, ಜೂನ್–ಜುಲೈನಲ್ಲಿ ಕೊಡಗಿನ ಮಳೆ ತಡವಾದರೆ ಸಾಲವು ಏರುತ್ತಲೇ ಹೋಗುತ್ತದೆ. ಇಲ್ಲಿನ ಜಲಾಶಯಗಳನ್ನು ತುಂಬುವುದು ನೈರುತ್ಯ ಮುಂಗಾರು; ಮುಖಜಭೂಮಿಗೆ ಮಳೆ ತರುವ ಈಶಾನ್ಯ ಹಿಂಗಾರು ಆರಂಭವಾಗುವುದು ಅಕ್ಟೋಬರ್‌ನಲ್ಲಿ. ಮುಖಜಭೂಮಿಯ ರೈತನು ಕುರುವೈ ಬೆಳೆಗೆ ನೀರು ಕೇಳುವ ದಿನಗಳಲ್ಲಿಯೇ ಮಂಡ್ಯದ ರೈತನೂ ನಾಟಿಗೆ ನೀರು ಕೇಳುತ್ತಾನೆ. ಆಗಸ್ಟ್–ಸೆಪ್ಟೆಂಬರ್ ತಿಂಗಳುಗಳು ಪ್ರತಿ ಬಾರಿಯೂ ಜಗಳದ ತಿಂಗಳುಗಳಾಗುವುದಕ್ಕೆ ಇದೇ ಕಾರಣ.

ವರ್ತಕರಿಗೆ ಪರಿಚಿತವಾದ ಲೆಕ್ಕದಲ್ಲಿ ಹೇಳುವುದಾದರೆ, ಒಂದು ಟಿಎಂಸಿ ಅಡಿಯೆಂದರೆ ಸುಮಾರು 2,830 ಕೋಟಿ ಲೀಟರ್. 2023ರ ಸೆಪ್ಟೆಂಬರ್‌ನಲ್ಲಿ ಪ್ರಾಧಿಕಾರ ಆದೇಶಿಸಿದಂತೆ 5,000 ಕ್ಯುಸೆಕ್ ನೀರನ್ನು 15 ದಿನ ಬಿಟ್ಟರೆ ಸುಮಾರು 6.5 ಟಿಎಂಸಿ ಅಡಿಯಾಗುತ್ತದೆ. ಆ ಕಾಲದಲ್ಲಿ ದಿನಕ್ಕೆ 145 ಕೋಟಿ ಲೀಟರ್ ಪಡೆಯುತ್ತಿದ್ದ ಬೆಂಗಳೂರಿಗೆ ಅದು ನಾಲ್ಕು ತಿಂಗಳ ನೀರು. ಮುಖಜಭೂಮಿಯ ಒಣಗುತ್ತಿದ್ದ ಗದ್ದೆಗಳಿಗೆ ಅದು ಸಾಲದ ನೀರು. ಒಂದೇ ಅಂಕಿಯು ಎರಡು ಕಡೆಗಳಲ್ಲಿ ಎರಡು ಅರ್ಥ ಕೊಡುವುದೇ ಈ ವಿವಾದದ ತಿರುಳು.

ಬೀದಿಗಿಳಿದ ಜಗಳ, ಅಂಗಡಿಯ ನಷ್ಟ

2016ರ ಸೆಪ್ಟೆಂಬರ್ 5ರಂದು ಸುಪ್ರೀಂ ಕೋರ್ಟು ಹತ್ತು ದಿನಗಳ ಕಾಲ ದಿನಕ್ಕೆ 15,000 ಕ್ಯುಸೆಕ್ ನೀರು ಬಿಡಲು ಆದೇಶಿಸಿತು. 9ರಂದು ಕರ್ನಾಟಕ ಬಂದ್ ನಡೆಯಿತು. 12ರಂದು ನ್ಯಾಯಾಲಯವು ಪ್ರಮಾಣವನ್ನು 12,000 ಕ್ಯುಸೆಕ್‌ಗೆ ಇಳಿಸಿ ಅವಧಿಯನ್ನು 20ರವರೆಗೆ ವಿಸ್ತರಿಸಿತು. ಅಂದು ಬೆಳಿಗ್ಗೆ ಚೆನ್ನೈಯಲ್ಲಿ ಕನ್ನಡಿಗರ ಹೋಟೆಲೊಂದರ ಮೇಲೂ ರಾಮೇಶ್ವರದಲ್ಲಿ ಕರ್ನಾಟಕದ ವಾಹನಗಳ ಮೇಲೂ ದಾಳಿ ನಡೆದ ಸುದ್ದಿ ಹರಡಿತು. ಸಂಜೆಯ ಹೊತ್ತಿಗೆ ಮೈಸೂರು ರಸ್ತೆಯ ಕಡೆ ಡಿಪೋವೊಂದರಲ್ಲಿ ನಿಂತಿದ್ದ ಹತ್ತಾರು ಖಾಸಗಿ ಬಸ್ಸುಗಳು ಬೆಂಕಿಗೆ ಆಹುತಿಯಾದವು. ತಮಿಳುನಾಡಿನ ನೋಂದಣಿಯಿದ್ದ ಲಾರಿಗಳು ಸುಟ್ಟವು. ಹೆಗ್ಗನಹಳ್ಳಿಯಲ್ಲಿ ಪೊಲೀಸರ ಗೋಲಿಬಾರಿಗೆ ಒಬ್ಬರು ಬಲಿಯಾದರು. 16 ಪೊಲೀಸ್ ಠಾಣೆಗಳ ವ್ಯಾಪ್ತಿಯಲ್ಲಿ ಕರ್ಫ್ಯೂ ಜಾರಿಯಾಯಿತು. ಆ ದಿನಗಳಲ್ಲಿ ರಾಜ್ಯಕ್ಕೆ ಒದಗಿದ ಆರ್ಥಿಕ ನಷ್ಟವನ್ನು ಅಸೋಚಾಮ್ ಸಂಸ್ಥೆಯು 22,000ದಿಂದ 25,000 ಕೋಟಿ ರೂಪಾಯಿಗಳೆಂದು ಅಂದಾಜಿಸಿತು.

ಇಂತಹ ಅಂದಾಜುಗಳು ದೊಡ್ಡ ಉದ್ದಿಮೆಗಳ ಲೆಕ್ಕವನ್ನು ಹೇಳುತ್ತವೆ. ಸಣ್ಣವರ ನಷ್ಟದ ಸ್ವರೂಪ ಬೇರೆಯದು. ಸಾರಕ್ಕಿ ಕೈಗಾರಿಕಾ ಬಡಾವಣೆಯ ಸಣ್ಣ ಘಟಕಕ್ಕೆ ಕೊಯಮತ್ತೂರಿನ ಬಿಡಿಭಾಗ ಬಾರದಿದ್ದರೆ ಸರಕು ಒಪ್ಪಿಸುವ ದಿನಾಂಕ ತಪ್ಪುತ್ತದೆ. ದಿನಾಂಕ ತಪ್ಪಿದರೆ ದಂಡ ಕಟ್ಟಬೇಕಾಗುತ್ತದೆ, ಇಲ್ಲವೇ ಗಿರಾಕಿ ಕೈತಪ್ಪುತ್ತಾನೆ. ಬಿ.ಟಿ.ಎಂ. ಮತ್ತು ಬೊಮ್ಮನಹಳ್ಳಿಯ ಸಿದ್ಧ ಉಡುಪಿನ ಘಟಕಕ್ಕೆ ತಿರುಪ್ಪೂರಿನ ಬಟ್ಟೆ ನಿಂತರೆ ದಿನಗೂಲಿಯ ಹೊಲಿಗೆಗಾರರಿಗೆ ಕೆಲಸವಿಲ್ಲ. ಬಾಡಿಗೆ, ಬಡ್ಡಿ, ವಿದ್ಯುತ್ ಶುಲ್ಕಗಳು ಮಾತ್ರ ಬಂದ್‌ನ ದಿನವೂ ನಿಲ್ಲುವುದಿಲ್ಲ.

ವಿಮೆಯ ವಿಷಯದಲ್ಲಿಯೂ ಅನೇಕರಿಗೆ ತಪ್ಪು ಕಲ್ಪನೆಯಿದೆ. ಸಾಮಾನ್ಯ ಅಗ್ನಿವಿಮೆಯು ಗಲಭೆ ಮತ್ತು ದುರುದ್ದೇಶದಿಂದ ಆಸ್ತಿಗೆ ಆಗುವ ನೇರ ಹಾನಿಯನ್ನು ತುಂಬಿಕೊಡುತ್ತದೆಯೇ ಹೊರತು, ಬಾಗಿಲು ಮುಚ್ಚಿದ್ದರಿಂದ ಕೈತಪ್ಪಿದ ವ್ಯಾಪಾರವನ್ನಲ್ಲ. ಸಾಗಣೆಯಲ್ಲಿರುವ ಸರಕಿನ ವಿಮೆಗೆ ಮುಷ್ಕರ–ಗಲಭೆಯ ಷರತ್ತನ್ನು ಪ್ರತ್ಯೇಕವಾಗಿ ಸೇರಿಸದಿದ್ದರೆ ಲಾರಿಯೊಡನೆ ಸುಟ್ಟ ಸರಕಿಗೆ ಪರಿಹಾರ ಸಿಗದಿರುವ ಸಂಭವವುಂಟು. ಪಾಲಿಸಿಯ ಈ ಎರಡು ಅಂಶಗಳನ್ನು ಮಳೆಗಾಲಕ್ಕೆ ಮುನ್ನವೇ ಪರಿಶೀಲಿಸಿಕೊಳ್ಳುವುದು ಒಳ್ಳೆಯದು.

2023ರಲ್ಲಿ ಸೆಪ್ಟೆಂಬರ್ 26ರಂದು ಬೆಂಗಳೂರು ಬಂದ್, 29ರಂದು ಕರ್ನಾಟಕ ಬಂದ್ ಹೀಗೆ ಒಂದೇ ವಾರದಲ್ಲಿ ಎರಡು ಬಂದ್‌ಗಳಾದವು. ಆದರೆ 1991ರ ಅಥವಾ 2016ರ ಹಿಂಸೆ ಮರುಕಳಿಸಲಿಲ್ಲ. ಅಂದಿಗೆ ಪ್ರಾಧಿಕಾರ ಮತ್ತು ಸಮಿತಿಗಳು ಹದಿನೈದು ದಿನಗಳಿಗೊಮ್ಮೆ ಅಂಕಿ-ಅಂಶಗಳನ್ನು ಮುಂದಿಟ್ಟು ತೀರ್ಮಾನಿಸುತ್ತಿದ್ದುದು ಇದಕ್ಕೆ ಒಂದು ಕಾರಣವೆನ್ನಬಹುದು. ಆದೇಶವು ಎರಡೂ ಕಡೆಯವರಿಗೆ ಅಪ್ರಿಯವಾಗಿದ್ದರೂ ಅದು ಅನಿರೀಕ್ಷಿತವಾಗಿರಲಿಲ್ಲ.

ಜೋರ್ಡಾನ್ ನದಿಯ ಪಾಠ

ನೀರಿನ ಹಂಚಿಕೆಯು ಶಾಂತಿಯ ಮಾತುಕತೆಯಲ್ಲಿ ಎಂತಹ ಸ್ಥಾನ ಪಡೆಯುತ್ತದೆಂಬುದಕ್ಕೆ ಪಶ್ಚಿಮ ಏಷ್ಯಾ ಪ್ರಮುಖ ನಿದರ್ಶನ. ಕಾವೇರಿಗೂ ಅಲ್ಲಿನ ಸಂಘರ್ಷಕ್ಕೂ ಹೋಲಿಕೆ ಪೂರ್ಣವಾದುದಲ್ಲ. ಅಲ್ಲಿನದು ಭೂಮಿ, ಸಾರ್ವಭೌಮತ್ವ, ನಿರಾಶ್ರಿತರು ಮತ್ತು ಆಕ್ರಮಿತ ಪ್ರದೇಶದ ಪ್ರಶ್ನೆ. ಇಲ್ಲಿನದು ಒಂದೇ ಸಂವಿಧಾನದಡಿಯ ಎರಡು ರಾಜ್ಯಗಳ ಪ್ರಶ್ನೆ. ಆದರೂ ಮೂರು ಪಾಠಗಳು ಉಪಯುಕ್ತವಾಗಿವೆ.

ಇಸ್ರೇಲ್ ಮತ್ತು ಜೋರ್ಡಾನ್ 1994ರ ಅಕ್ಟೋಬರ್ 26ರಂದು ಸಹಿ ಹಾಕಿದ ಶಾಂತಿ ಒಪ್ಪಂದದಲ್ಲಿ ನೀರಿಗೆಂದೇ ಒಂದು ಅನುಬಂಧವಿದೆ. ಚಳಿಗಾಲದಲ್ಲಿ ಯಾರ್ಮೂಕ್ ನದಿಯಿಂದ ಇಸ್ರೇಲ್ 2 ಕೋಟಿ ಘನ ಮೀಟರ್ ನೀರನ್ನು ಹೆಚ್ಚುವರಿಯಾಗಿ ಎತ್ತಿಕೊಂಡು, ಬೇಸಿಗೆಯಲ್ಲಿ ಅಷ್ಟೇ ನೀರನ್ನು ಜೋರ್ಡಾನಿಗೆ ಹಿಂದಿರುಗಿಸುವುದು ಅದರ ಒಂದು ಏರ್ಪಾಡು. ಒಬ್ಬರ ಸಂಗ್ರಹ ಸಾಮರ್ಥ್ಯವು ಇನ್ನೊಬ್ಬರ ಬೇಸಿಗೆಯ ಅಗತ್ಯವನ್ನು ಪೂರೈಸಬಲ್ಲದೆಂಬುದು ಮೊದಲ ಪಾಠ.

ಆದರೆ ಬರಗಾಲದ ವರ್ಷದಲ್ಲಿ ಕೊರತೆಯನ್ನು ಹೇಗೆ ಹಂಚಿಕೊಳ್ಳಬೇಕೆಂದು ಆ ಒಪ್ಪಂದ ಹೇಳಲಿಲ್ಲ. 1999ರ ಬರದಲ್ಲಿ ಇಸ್ರೇಲ್ ಪೂರೈಕೆಯನ್ನು ಕಡಿತಗೊಳಿಸಲು ಹೊರಟಾಗ ಎರಡು ದೇಶಗಳ ನಡುವೆ ಬಿಕ್ಕಟ್ಟು ತಲೆದೋರಿತು. ಒಳ್ಳೆಯ ವರ್ಷದ ಹಂಚಿಕೆಯನ್ನು ಮಾತ್ರ ಬರೆದಿಟ್ಟ ಒಪ್ಪಂದವು ಕೆಟ್ಟ ವರ್ಷದಲ್ಲಿ ಬಿರುಕು ಬಿಡುತ್ತದೆಂಬುದು ಎರಡನೆಯ ಪಾಠ.

ಮೂರನೆಯದು ಇಸ್ರೇಲ್ ಮತ್ತು ಪ್ಯಾಲೆಸ್ತೀನಿಯರ ನಡುವಿನ 1995ರ ಮಧ್ಯಂತರ ಒಪ್ಪಂದದಿಂದ ಕಲಿಯಬೇಕಾದುದು. ಪಶ್ಚಿಮ ದಂಡೆಯ ಅಂತರ್ಜಲವನ್ನು ಕುರಿತು ಜಂಟಿ ಜಲ ಸಮಿತಿಯೊಂದನ್ನು ಅದು ಸ್ಥಾಪಿಸಿತು. ಪ್ಯಾಲೆಸ್ತೀನಿಯರ ಜಲಹಕ್ಕನ್ನು ತಾತ್ವಿಕವಾಗಿ ಒಪ್ಪಿದರೂ ಪ್ರಮಾಣವನ್ನು ಅಂತಿಮ ಮಾತುಕತೆಗೆ ಬಿಟ್ಟಿತು. ಐದು ವರ್ಷಗಳಿಗೆಂದು ಮಾಡಿಕೊಂಡ ಏರ್ಪಾಡು ಅಂತಿಮ ಮಾತುಕತೆ ಮುಗಿಯದ ಕಾರಣ ದಶಕಗಳ ಕಾಲ ಮುಂದುವರಿಯಿತು. ಜನಸಂಖ್ಯೆ ಬೆಳೆದರೂ ಪಾಲು ಬೆಳೆಯಲಿಲ್ಲ. 2023ರ ಅಕ್ಟೋಬರ್‌ನಲ್ಲಿ ಆರಂಭವಾದ ಯುದ್ಧದಲ್ಲಿ ಗಾಜಾದ ನೀರು ಪೂರೈಕೆಯ ವ್ಯವಸ್ಥೆ ಬಹುಪಾಲು ಹಾಳಾಯಿತು. ತಾತ್ಕಾಲಿಕ ಏರ್ಪಾಡಿನ ಗಡುವು ಮುಗಿಯುವ ಮೊದಲೇ ಮುಂದಿನದನ್ನು ಮಾತಾಡಿಕೊಳ್ಳದಿದ್ದರೆ ಅದೇ ಹೊಸ ವಿವಾದದ ಬೀಜವಾಗುತ್ತದೆ. 1974ರಲ್ಲಿ ಕಾವೇರಿಯಲ್ಲಿ ಆದುದೂ ಇದೇ. 2033ರಲ್ಲಿ ಆಗಬಾರದುದೂ ಇದೇ.

ಮುಂದಿರುವ ಆಯ್ಕೆಗಳು

ಒಂದನೆಯ ಆಯ್ಕೆ, ಈಗಿನ ವ್ಯವಸ್ಥೆಯನ್ನು ಹಾಗೆಯೇ ಮುಂದುವರಿಸುವುದು. ಪ್ರಾಧಿಕಾರವು ಕೆಲಸ ಮಾಡುತ್ತಿದೆ, ಮಾಪನ ನಡೆಯುತ್ತಿದೆ, ಒಳ್ಳೆಯ ಮಳೆಯ ವರ್ಷಗಳಲ್ಲಿ ತಕರಾರೇ ಇರುವುದಿಲ್ಲ. 2022–23ರ ಜಲವರ್ಷದಲ್ಲಿ 177.25ರ ಸ್ಥಾನದಲ್ಲಿ 600 ಟಿಎಂಸಿ ಅಡಿಗೂ ಅಧಿಕ ನೀರು ಬಿಳಿಗುಂಡ್ಲುವನ್ನು ದಾಟಿತು. ಆದರೆ ಮರುವರ್ಷವೇ ಬರ ಬಂದಿತೆಂಬುದನ್ನು ಮರೆಯಲಾಗದು. ಈ ವ್ಯವಸ್ಥೆಯ ದೌರ್ಬಲ್ಯವೆಲ್ಲವೂ ಬರದ ವರ್ಷದಲ್ಲಿಯೇ ಬಯಲಾಗುತ್ತದೆ.

ಎರಡನೆಯದು, ಸಂಕಷ್ಟ ಸೂತ್ರ. ಕೊರತೆಯ ವರ್ಷದಲ್ಲಿ ಎಲ್ಲ ರಾಜ್ಯಗಳ ಪಾಲೂ ಅನುಪಾತಕ್ಕೆ ತಕ್ಕಂತೆ ಕಡಿಮೆಯಾಗಬೇಕೆಂಬ ತತ್ವವನ್ನು ನ್ಯಾಯಮಂಡಳಿ ಹೇಳಿದೆ. ಕೊರತೆಯನ್ನು ಯಾವ ದಿನಾಂಕದಂದು, ಯಾವ ಜಲಾಶಯಗಳ ಒಳಹರಿವನ್ನು ಆಧರಿಸಿ, ಎಷ್ಟು ವರ್ಷಗಳ ಸರಾಸರಿಗೆ ಹೋಲಿಸಿ ಅಳೆಯಬೇಕು, ನಿಂತ ಬೆಳೆಗೂ ಕುಡಿಯುವ ನೀರಿಗೂ ಎಷ್ಟನ್ನು ಮೊದಲೇ ತೆಗೆದಿರಿಸಬೇಕು ಎಂಬ ವಿವರಗಳಲ್ಲಿ ರಾಜ್ಯಗಳ ನಡುವೆ ಒಮ್ಮತ ಮೂಡಿಲ್ಲ. ಕರ್ನಾಟಕದ ನಾಲ್ಕು ಮುಖ್ಯ ಜಲಾಶಯಗಳಾದ ಹಾರಂಗಿ, ಹೇಮಾವತಿ, ಕೃಷ್ಣರಾಜ ಸಾಗರ ಮತ್ತು ಕಬಿನಿಗಳ ಒಟ್ಟು ಸಾಮರ್ಥ್ಯ ಸುಮಾರು 114.5 ಟಿಎಂಸಿ ಅಡಿ; ಮೆಟ್ಟೂರಿನದು 93.47. ಈ ಐದೂ ಜಲಾಶಯಗಳ ಮಟ್ಟವು ಪ್ರತಿದಿನವೂ ಎಲ್ಲರಿಗೂ ತಿಳಿದಿರುವಾಗ ಸೂತ್ರವನ್ನು ರೂಪಿಸಲು ತಾಂತ್ರಿಕ ಅಡ್ಡಿಯಿಲ್ಲ. ಅಡ್ಡಿಯಿರುವುದು ರಾಜಕೀಯದಲ್ಲಿ: ಬರಗಾಲದಲ್ಲಿ ರಿಯಾಯಿತಿ ಕೊಟ್ಟವನು ಚುನಾವಣೆಯಲ್ಲಿ ಸೋಲುವನೆಂಬ ಭಯ. ಆದ್ದರಿಂದಲೇ ಸೂತ್ರವನ್ನು ಮಳೆ ಚೆನ್ನಾಗಿರುವ ವರ್ಷದಲ್ಲಿ ಬರೆದಿಡಬೇಕು.

ಮೂರನೆಯದು ಮೇಕೆದಾಟು ಸಮತೋಲನ ಜಲಾಶಯ. ಸುಮಾರು 67 ಟಿಎಂಸಿ ಅಡಿ ಸಾಮರ್ಥ್ಯದ, 400 ಮೆಗಾವ್ಯಾಟ್ ವಿದ್ಯುತ್ ಉತ್ಪಾದನೆಯ ಉದ್ದೇಶವುಳ್ಳ, ಸುಮಾರು 9,000 ಕೋಟಿ ರೂಪಾಯಿ ಅಂದಾಜಿನ ಈ ಯೋಜನೆಯು ಬೆಂಗಳೂರಿನ 4.75 ಟಿಎಂಸಿ ಅಡಿ ಪಾಲನ್ನು ಬಳಸಿಕೊಳ್ಳಲೂ ಪ್ರವಾಹದ ನೀರನ್ನು ಹಿಡಿದಿಡಲೂ ನೆರವಾಗುವುದೆಂಬುದು ಕರ್ನಾಟಕದ ವಾದ. ತನ್ನ ಪಾಲಿಗೆ ಬರುವ, ಈಗ ಯಾರ ಅಂಕೆಯಲ್ಲಿಯೂ ಇಲ್ಲದೆ ಹರಿಯುವ ನೀರು ಮೇಲಿನ ರಾಜ್ಯದ ಕೈಗೆ ಸಿಕ್ಕಿಬಿಡುತ್ತದೆಂಬುದು ತಮಿಳುನಾಡಿನ ಆತಂಕ. 2025ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟು, ಯೋಜನೆಯು ಇನ್ನೂ ತಜ್ಞರ ಪರಿಶೀಲನೆಯ ಹಂತದಲ್ಲಿರುವುದರಿಂದ ತಮಿಳುನಾಡಿನ ಅರ್ಜಿಗೆ ಕಾಲ ಪಕ್ವವಾಗಿಲ್ಲವೆಂದು ಹೇಳಿತು. ಸುಮಾರು 5,000 ಹೆಕ್ಟೇರ್ ಪ್ರದೇಶ, ಅದರಲ್ಲಿ ಬಹುಪಾಲು ಕಾವೇರಿ ವನ್ಯಜೀವಿಧಾಮದ ಅರಣ್ಯ, ಮುಳುಗಡೆಯಾಗುವುದೂ ಸಣ್ಣ ವಿಷಯವಲ್ಲ. ಈ ಯೋಜನೆ ಕೈಗೂಡಬೇಕಾದರೆ ಕೀಲಿಕೈ ಒಬ್ಬರ ಬಳಿಯಲ್ಲಿರದೆ, ನೀರಿನ ಬಿಡುಗಡೆಯ ವೇಳಾಪಟ್ಟಿ ಪ್ರಾಧಿಕಾರದ ಅಧೀನದಲ್ಲಿರುವ ಮಾರ್ಗವನ್ನು ಪರಿಶೀಲಿಸುವುದು ವಿವೇಕ. ಯಾರ್ಮೂಕ್ ನೀರಿನ ಏರ್ಪಾಡು ತೋರಿಸಿದಂತೆ, ಮಳೆಗಾಲದಲ್ಲಿ ಹಿಡಿದ ನೀರು ಬೇಸಿಗೆಯಲ್ಲಿ ಕೆಳಗಿನವನಿಗೂ ಸಿಗುವುದೆಂಬ ಲಿಖಿತ ಭರವಸೆಯಿದ್ದರೆ ವಿರೋಧದ ಧಾಟಿ ಬದಲಾಗಬಹುದು.

ನಾಲ್ಕನೆಯದು ಬೇಡಿಕೆಯನ್ನೇ ತಗ್ಗಿಸುವುದು. ಕಣಿವೆಯ ನೀರಿನ ಸಿಂಹಪಾಲು ಭತ್ತ ಮತ್ತು ಕಬ್ಬಿಗೆ ಹೋಗುತ್ತದೆ. ನಾಲೆಗಳ ಆಧುನೀಕರಣ, ಅಲ್ಪಾವಧಿಯ ತಳಿಗಳು, ಹನಿ ನೀರಾವರಿ, ನೀರು ಕಡಿಮೆ ಬೇಡುವ ಬೆಳೆಗೆ ಖಾತ್ರಿಯಾದ ಬೆಲೆ ಇವು ಎರಡೂ ರಾಜ್ಯಗಳಲ್ಲಿ ಏಕಕಾಲಕ್ಕೆ ಆಗಬೇಕಾದ ಕೆಲಸಗಳು. ಬೆಲೆಯ ಖಾತ್ರಿಯಿಲ್ಲದೆ ರೈತನಿಗೆ ಬೆಳೆ ಬದಲಿಸಲು ಉಪದೇಶಿಸಿದರೆ ಪ್ರಯೋಜನವಿಲ್ಲ.

ನಗರದ ಪಾಲು, ನಗರದ ಹೊಣೆ

ಕಾವೇರಿ ಐದನೆಯ ಹಂತವು 2024ರ ಅಕ್ಟೋಬರ್ 16ರಂದು ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯಲ್ಲಿ ಉದ್ಘಾಟನೆಗೊಂಡು, ಜಪಾನಿನ ಜೈಕಾ ಸಂಸ್ಥೆಯ ಸಾಲದ ನೆರವಿನಿಂದ ದಿನಕ್ಕೆ 77.5 ಕೋಟಿ ಲೀಟರ್ ಸಾಮರ್ಥ್ಯವನ್ನು ಸೇರಿಸಿತು. ಮೊದಲಿನ 145 ಕೋಟಿಯೊಡನೆ ಕೂಡಿದರೆ ದಿನಕ್ಕೆ 222.5 ಕೋಟಿ ಲೀಟರ್, ಅಂದರೆ ವರ್ಷಕ್ಕೆ ಸುಮಾರು 28.7 ಟಿಎಂಸಿ ಅಡಿ. 740 ಟಿಎಂಸಿ ಅಡಿಯ ಲೆಕ್ಕದಲ್ಲಿ ಇದು ನೂರಕ್ಕೆ ನಾಲ್ಕು ಪಾಲಿನಷ್ಟು. ನ್ಯಾಯಮಂಡಳಿಯ ಗಣನೆಯಲ್ಲಿ ಗೃಹಬಳಕೆಯ ನೀರಿನ ಐದನೆಯ ಒಂದು ಪಾಲು ಮಾತ್ರ ಖರ್ಚಾದಂತೆ. ಉಳಿದುದು ನದಿಗೆ ಮರಳುವುದೆಂಬ ಗ್ರಹಿಕೆ ಅದರ ಹಿಂದಿದೆ.

ಈ ಗ್ರಹಿಕೆ ನಿಜವಾಗಬೇಕಾದರೆ ಮರಳುವ ನೀರು ಬಳಕೆಗೆ ಯೋಗ್ಯವಾಗಿರಬೇಕು. ದಕ್ಷಿಣ ಬೆಂಗಳೂರಿನ ಒಳಚರಂಡಿಯ ನೀರಿನಲ್ಲಿ ಒಂದು ಭಾಗ ವೃಷಭಾವತಿಗೆ ಸೇರಿ, ಅರ್ಕಾವತಿಯ ಮೂಲಕ ಸಂಗಮದಲ್ಲಿ ಕಾವೇರಿಯನ್ನೇ ಕೂಡುತ್ತದೆ. ಬನಶಂಕರಿಯ ಬಚ್ಚಲಿನಿಂದ ಹೊರಟ ನೀರು ಬಿಳಿಗುಂಡ್ಲುವನ್ನು ದಾಟಿ ಮೆಟ್ಟೂರಿಗೆ ಹೋಗುತ್ತದೆಂದರೆ ಅತಿಶಯೋಕ್ತಿಯಲ್ಲ. ಇನ್ನೊಂದು ಭಾಗ ಕೋರಮಂಗಲ–ಚಲ್ಲಘಟ್ಟ ಕಣಿವೆಗೆ ಹರಿಯುತ್ತದೆ. ಅಲ್ಲಿ ಸಂಸ್ಕರಿಸಿದ ನೀರನ್ನು 2018ರಿಂದ ಕೋಲಾರ ಜಿಲ್ಲೆಯ ಕೆರೆಗಳಿಗೆ ಕಳುಹಿಸಲಾಗುತ್ತಿದೆ. ಇದೇ ನೀರು ಇನ್ನಷ್ಟು ಶುದ್ಧಗೊಂಡು ಕೈಗಾರಿಕೆಗಳಿಗೆ, ಕಟ್ಟಡ ಕಾಮಗಾರಿಗೆ, ತಂಪು ಗೋಪುರಗಳಿಗೆ ದೊರೆತರೆ, ಅಷ್ಟು ಕಾವೇರಿ ನೀರು ಕುಡಿಯಲು ಉಳಿಯುತ್ತದೆ. ಇಸ್ರೇಲ್ ತನ್ನ ತ್ಯಾಜ್ಯ ನೀರಿನ ಬಹುಪಾಲನ್ನು ಸಂಸ್ಕರಿಸಿ ಕೃಷಿಗೆ ಕೊಡುವುದು ಇದೇ ತತ್ವದ ಮೇಲೆ.

2024ರ ಬೇಸಿಗೆಯಲ್ಲಿ ಕೊಳವೆ ಬಾವಿಗಳು ಬತ್ತಿ, ಟ್ಯಾಂಕರಿನ ಬೆಲೆ ಏರಿ, ಕುಡಿಯುವ ನೀರಿನಿಂದ ವಾಹನ ತೊಳೆದವರಿಗೆ 5,000 ರೂಪಾಯಿ ದಂಡ ವಿಧಿಸುವ ಸ್ಥಿತಿ ಬಂದಿತು. ಆ ಬೇಸಿಗೆಯಲ್ಲಿ ಹೋಟೆಲು, ಲಾಂಡ್ರಿ, ಸಣ್ಣ ಆಹಾರ ಘಟಕಗಳು ಪಟ್ಟ ಪಾಡನ್ನು ಯಾರೂ ಮರೆತಿಲ್ಲ. ಮೂವತ್ತು–ನಲವತ್ತರ ನಿವೇಶನದ ಚಾವಣಿಯ ಮೇಲೆ ವರ್ಷಕ್ಕೆ ಸುಮಾರು ಒಂದು ಲಕ್ಷ ಲೀಟರ್ ಮಳೆನೀರು ಬೀಳುತ್ತದೆ. ಇದನ್ನು ಹಿಡಿಯುವ ಬಗೆಯನ್ನು ತೋರಿಸಲೆಂದೇ ಜಲಮಂಡಳಿಯು ಜಯನಗರದಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರಿನ ಮಳೆನೀರು ಕೊಯ್ಲು ಉದ್ಯಾನವನ್ನು ನಿರ್ಮಿಸಿದೆ. ಕಾರ್ಖಾನೆಯ ಶೀಟು ಚಾವಣಿಗಳು ಮನೆಗಳಿಗಿಂತ ಹಲವು ಪಟ್ಟು ವಿಸ್ತಾರವಾದುವೆಂಬುದನ್ನು ಸಣ್ಣ ಕೈಗಾರಿಕೆಗಳವರು ಗಮನಿಸಬೇಕು. ತನ್ನ ಮನೆಯ ನೀರನ್ನು ಜೋಪಾನ ಮಾಡಿದ ನಗರದ ಬೇಡಿಕೆಗೆ 2033ರ ಮಾತುಕತೆಯಲ್ಲಿ ಹೆಚ್ಚು ಬೆಲೆ ಬರುತ್ತದೆ.

ಮಾತುಕತೆಯ ಹಳೆಯ ದಾರಿ

ಸರ್ಕಾರಗಳು ಮಾತು ಬಿಟ್ಟ ಕಾಲದಲ್ಲಿಯೂ ಜನರು ಮಾತಾಡಿದ ಉದಾಹರಣೆಯುಂಟು. 2002ರ ಕಹಿಯ ನಂತರ, 2003ರಲ್ಲಿ ಚೆನ್ನೈಯ ಮದ್ರಾಸ್ ಅಭಿವೃದ್ಧಿ ಅಧ್ಯಯನ ಸಂಸ್ಥೆಯ ಪ್ರಾಧ್ಯಾಪಕ ಎಸ್. ಜನಕರಾಜನ್ ಮೊದಲಾದವರ ಪ್ರಯತ್ನದಿಂದ ಎರಡೂ ರಾಜ್ಯಗಳ ರೈತ ಮುಖಂಡರು ಒಟ್ಟಿಗೆ ಕುಳಿತು ‘ಕಾವೇರಿ ಕುಟುಂಬ’ವೆಂಬ ವೇದಿಕೆಯನ್ನು ರಚಿಸಿಕೊಂಡರು. ಮಂಡ್ಯದ ರೈತರು ಮುಖಜಭೂಮಿಯ ಗದ್ದೆಗಳನ್ನೂ ಅಲ್ಲಿಯವರು ಇಲ್ಲಿಯ ಜಲಾಶಯಗಳನ್ನೂ ಕಣ್ಣಾರೆ ಕಂಡರು. ಅಂತಿಮ ಒಪ್ಪಂದವೊಂದು ಅದರಿಂದ ಹೊರಬರದಿದ್ದರೂ, ಎದುರಿನವನೂ ಸಾಲದಲ್ಲಿರುವ ರೈತನೇ ಎಂಬ ತಿಳಿವಳಿಕೆ ಮೂಡಿತು. 2009ರ ಆಗಸ್ಟ್‌ನಲ್ಲಿ ಬೆಂಗಳೂರಿನ ಹಲಸೂರಿನಲ್ಲಿ ತಿರುವಳ್ಳುವರ್ ಪ್ರತಿಮೆಯೂ ಚೆನ್ನೈಯಲ್ಲಿ ಸರ್ವಜ್ಞನ ಪ್ರತಿಮೆಯೂ ಒಂದೇ ವಾರದಲ್ಲಿ ಅನಾವರಣಗೊಂಡುದು ಮತ್ತೊಂದು ಸಮಾಧಾನದ ಹೆಜ್ಜೆ. ಹದಿನೆಂಟು ವರ್ಷಗಳ ಕಾಲ ಮುಚ್ಚಿಟ್ಟಿದ್ದ ಪ್ರತಿಮೆಯದು.

ರೈತರಿಗೆ ಒಂದು ಕಾವೇರಿ ಕುಟುಂಬ ಸಾಧ್ಯವಾದರೆ ವರ್ತಕರಿಗೂ ಸಾಧ್ಯ. ಬೆಂಗಳೂರು, ಹೊಸೂರು, ತಿರುಪ್ಪೂರು, ಈರೋಡು, ಕೊಯಮತ್ತೂರುಗಳ ವಾಣಿಜ್ಯ ಸಂಘಗಳು ವ್ಯವಹಾರದಲ್ಲಿ ಈಗಾಗಲೇ ಪರಸ್ಪರ ನಂಬಿಕೆ ಉಳ್ಳವು. ಹುಂಡಿ, ಉದ್ರಿ, ವಾಯಿದೆಗಳು ನಡೆಯುವುದೇ ಆ ನಂಬಿಕೆಯ ಮೇಲೆ. ಜೂನ್ ತಿಂಗಳಿಗೆ ಮುನ್ನ ಪ್ರತಿವರ್ಷ ಒಮ್ಮೆ ಈ ಸಂಘಗಳು ಕೂಡಿ, ಸಂಕಷ್ಟ ಸೂತ್ರವನ್ನು ಶೀಘ್ರವಾಗಿ ಅಂಗೀಕರಿಸುವಂತೆ ಎರಡೂ ಸರ್ಕಾರಗಳಿಗೆ ಒಂದೇ ಮನವಿಯನ್ನು ಸಲ್ಲಿಸಬಹುದು. ಉದ್ವೇಗದ ದಿನಗಳಲ್ಲಿ ಸರಕು ವಾಹನಗಳಿಗೆ ಪೊಲೀಸ್ ಬೆಂಗಾವಲಿನ ವ್ಯವಸ್ಥೆಯನ್ನು ಎರಡೂ ಜಿಲ್ಲಾಡಳಿತಗಳೊಡನೆ ಮೊದಲೇ ಗೊತ್ತುಮಾಡಿಕೊಳ್ಳಬಹುದು. ಸುಳ್ಳು ಸುದ್ದಿ ಹರಡಿದಾಗ ಗಡಿಯಾಚೆಯ ಸಂಘದಿಂದ ಸತ್ಯಾಂಶವನ್ನು ದೂರವಾಣಿಯಲ್ಲಿ ಕೇಳಿ ತಿಳಿದು ಸದಸ್ಯರಿಗೆ ತಿಳಿಸಬಹುದು. ಬಲವಂತದ ಬಂದ್ ಸಂವಿಧಾನಬಾಹಿರವೆಂಬ ಕೇರಳ ಹೈಕೋರ್ಟಿನ 1997ರ ತೀರ್ಪನ್ನು ಸುಪ್ರೀಂ ಕೋರ್ಟು ಎತ್ತಿಹಿಡಿದಿದೆ. 2009ರಲ್ಲಿ ಆಸ್ತಿಹಾನಿಗೆ ಪ್ರತಿಭಟನೆಯ ಸಂಘಟಕರನ್ನೇ ಹೊಣೆಗಾರರನ್ನಾಗಿಸುವ ಮಾರ್ಗಸೂಚಿಯನ್ನೂ ನೀಡಿದೆ. ನೀರಿನ ಪರವಾಗಿ ದನಿಯೆತ್ತುವುದು ವರ್ತಕನ ಹಕ್ಕು. ಅಂಗಡಿ ತೆರೆದಿಡುವುದೂ ಅವನ ಹಕ್ಕೇ ಎಂಬುದನ್ನು ಸಂಘಗಳು ಧೈರ್ಯವಾಗಿ ಹೇಳಬೇಕು.

ಶಾಂತಿಯ ನಿರೀಕ್ಷೆ ಎಷ್ಟರಮಟ್ಟಿಗೆ ಸಾಧಾರ ಎಂಬ ಪ್ರಶ್ನೆಗೆ ಉತ್ತರ ಮಿಶ್ರವಾದುದು. ಹವಾಮಾನದ ಏರುಪೇರಿನಿಂದ ಪ್ರವಾಹ ಮತ್ತು ಬರಗಳೆರಡೂ ಬೆನ್ನುಬೆನ್ನಿಗೆ ಬರುತ್ತಿವೆ, ನಗರ ಬೆಳೆಯುತ್ತಿದೆ, ರಾಜಕೀಯ ಪಕ್ಷಗಳಿಗೆ ನದಿಯು ಈಗಲೂ ಲಾಭದ ವಿಷಯ. ಇದಕ್ಕೆ ಎದುರಾಗಿ, 1991ರಲ್ಲಿ ಇಲ್ಲದಿದ್ದ ಅಂತಿಮ ತೀರ್ಪು, ಪ್ರಾಧಿಕಾರ, ಮಾಪನ ವ್ಯವಸ್ಥೆಗಳು ಇಂದು ಇವೆ, ಹಿಂಸೆಯಿಲ್ಲದೆ ಬರಗಾಲವನ್ನು ದಾಟಿದ 2023ರ ಅನುಭವವೂ ಇದೆ. ಕೊರತೆಯಿರುವುದು ಬರದ ವರ್ಷದ ಲೆಕ್ಕವನ್ನು ಮುಂಚಿತವಾಗಿ ಬರೆದಿಡುವ ಒಂದು ಒಪ್ಪಂದದಲ್ಲಿ ಮಾತ್ರ. ಪಾಲುದಾರಿಕೆಯ ಪತ್ರದಲ್ಲಿ ಲಾಭ ಹಂಚಿಕೆಯ ಕಲಮಿನ ಕೆಳಗೆ ನಷ್ಟ ಹಂಚಿಕೆಯ ಕಲಮನ್ನೂ ಬರೆಸದೆ ಯಾವ ವರ್ತಕನೂ ಸಹಿ ಹಾಕುವುದಿಲ್ಲ. ಕಾವೇರಿಯ ಪಾಲುದಾರರು 2033ಕ್ಕೆ ಮುನ್ನ ಬರೆಸಬೇಕಾದುದು ಆ ಎರಡನೆಯ ಕಲಮನ್ನು.